ಗಂಟು ಸಿಕ್ಕಿದರೆ ಮೊದಲು ಸೂಜಿ: ಮಣ್ಣಗುಡ್ಡದ ನಾಯಿ ಸಾಕುವ ಮನೆಗಳಿಗೆ ಬಹಿರಂಗ ಪತ್ರ

ಮಣ್ಣಗುಡ್ಡದಲ್ಲಿ, ಅದರ ಆಚೀಚಿನ ಉರ್ವ, ಲೇಡಿಹಿಲ್, ಬಳ್ಳಾಲ್‌ಬಾಗ್, ಕುದ್ರೋಳಿಗಳಲ್ಲಿ ನಾಯಿ ಸಾಕಿಕೊಂಡಿರುವ ಮನೆಯವರಿಗೆ, ಗೇಟಿನ ಹೊರಗೆ ಕಾದು ಕೂರುವ ನಾಯಿಗಳಿಗೂ ಹೊತ್ತುಹೊತ್ತಿಗೆ ಅನ್ನ ಹಾಕುವವರಿಗೆ,



ನಿಮ್ಮಲ್ಲಿ ಒಂದು ಬೇಡಿಕೆ ಇಡುವುದಕ್ಕಾಗಿಯೇ ಈ ಪತ್ರ. ನಿಮ್ಮ ನಾಯಿಯ ದವಡೆಯಡಿಯಲ್ಲೋ, ಭುಜದ ಮುಂದೆಯೋ, ಹಿಂಗಾಲಿನ ಮಂಡಿಯ ಹಿಂಭಾಗದಲ್ಲೋ ಗಂಟು ಕೈಗೆ ಸಿಕ್ಕಿದರೆ, ಸ್ಟೀರಾಯ್ಡ್ ಅದರ ಮೈಗೆ ಹೋಗುವ ಮೊದಲು ಆ ಗಂಟಿಗೆ ಸೂಜಿ ಹಾಕಿಸಿ. ಸೂಜಿಯಲ್ಲಿ ಬಂದದ್ದನ್ನು ಗಾಜಿನ ಸ್ಲೈಡಿಗೆ ಹಚ್ಚಿಸಿ, ಬಲ್ಲವರಿಗೆ ತೋರಿಸಿ. ಈ ಕ್ರಮ ತಿರುಗುಮುರುಗಾದರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ನಾನು ಪಶುವೈದ್ಯಳಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೈಟಾಲಜಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ಜನರ ಕುತ್ತಿಗೆಯ ಗಂಟು, ಥೈರಾಯ್ಡ್, ಸ್ತನದ ಗಡ್ಡೆಗಳಿಂದ ಸೂಜಿಯಲ್ಲಿ ತೆಗೆದ ಎಫ್‌ಎನ್‌ಎಸಿ ಸ್ಲೈಡ್‌ಗಳಿಗೆ ಬಣ್ಣ ಹಾಕಿ ಡಾಕ್ಟರ ಮೇಜಿನ ಮೇಲಿಡುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯ ಬಳಿಕ ಪರಿಚಯದ ಪಶುವೈದ್ಯರೊಬ್ಬರು ತಮ್ಮ ಕ್ಲಿನಿಕ್ಕಿನ ಸ್ಲೈಡ್‌ಗಳಿಗೂ ಬಣ್ಣ ಹಾಕಿಕೊಡಿ ಎಂದು ಕೇಳಿಕೊಂಡರು. ನಾಯಿಗಳ ಲಿಂಫೋಮಾ ಎಂಬ ಕ್ಯಾನ್ಸರನ್ನು ನಾನು ಹತ್ತಿರದಿಂದ ನೋಡಿದ್ದು, ಅದರ ಬಗ್ಗೆ ಓದಿದ್ದು, ತಿಳಿದವರನ್ನು ಕೇಳಿ ಕಲಿತದ್ದು ಆ ಸ್ಲೈಡ್‌ಗಳಿಂದಾಗಿ. ಅವುಗಳ ಜೊತೆ ಬರುವ ಚೀಟಿಗಳಲ್ಲಿ ಮತ್ತೆಮತ್ತೆ ಕಾಣುವ ಒಂದು ಸಾಲು ನನ್ನನ್ನು ಈ ಪತ್ರಕ್ಕೆ ಕೂರಿಸಿದೆ: ‘ಸ್ಟೀರಾಯ್ಡ್ ಕೊಟ್ಟಾಗಿದೆ, ಗಂಟು ಇಳಿದು ಪುನಃ ಬಂದಿದೆ.’

ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಈ ಕಣಗಳು ರೋಗಾಣುಗಳನ್ನು ಗುರುತಿಸಿ ಎದುರಿಸುವಂಥವು. ಮೈತುಂಬ ಹರಡಿಕೊಂಡಿರುವ ದುಗ್ಧಗ್ರಂಥಿಗಳೇ ಅವುಗಳ ಮುಖ್ಯ ನೆಲೆ. ನಾಯಿಗಳಲ್ಲಿ ಈ ಕಾಯಿಲೆ 100ರಲ್ಲಿ ಸುಮಾರು 80 ಸಲ ಮೈಯ ಹಲವು ಗ್ರಂಥಿಗಳು ಒಟ್ಟಿಗೇ ಊದಿಕೊಳ್ಳುವ ರೂಪದಲ್ಲಿ ಬರುತ್ತದೆ. ನಡುವಯಸ್ಸು ದಾಟಿದ ನಾಯಿಗಳಲ್ಲಿ ಹೆಚ್ಚು. ಬಾಕ್ಸರ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಬುಲ್‌ಮ್ಯಾಸ್ಟಿಫ್ ತಳಿಗಳಲ್ಲಿ ಇನ್ನೂ ಹೆಚ್ಚು. ಹಾಗೆಂದು ನಮ್ಮ ನಾಡ ನಾಯಿಗಳು ಇದರಿಂದ ಪಾರಾದವೆಂದು ತಿಳಿಯಬೇಡಿ. ಮನೆಯವರು ಮೋಸಹೋಗುವುದು ಒಂದೇ ಕಾರಣಕ್ಕೆ: ಗಂಟು ನೋಯುವುದಿಲ್ಲ. ಮುಟ್ಟಿದರೆ ನಾಯಿ ಕುಂಯ್ಗುಡುವುದಿಲ್ಲ, ಗಂಜಿ ಬಿಡುವುದಿಲ್ಲ, ಬಂಗುಡೆಯ ವಾಸನೆಗೆ ಮೊದಲಿನ ಹಾಗೆಯೇ ಅಡುಗೆಮನೆ ಬಾಗಿಲಿಗೆ ಓಡಿಬರುತ್ತದೆ. ಚೆನ್ನಾಗಿಯೇ ಇದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ.

ಆದ್ದರಿಂದ ಮೊದಲ ಪರೀಕ್ಷೆ ನಿಮ್ಮ ಕೈಯದ್ದೇ. ಉಣ್ಣಿ ಹೆಕ್ಕುವಾಗ, ಸ್ನಾನ ಮಾಡಿಸುವಾಗ ಎರಡು ನಿಮಿಷ ಹೆಚ್ಚು ಕೊಡಿ. ದವಡೆಯ ಮೂಲೆಯ ಕೆಳಗೆ ಎರಡೂ ಬದಿ, ಭುಜದ ಕೀಲಿನ ಮುಂದೆ ಕುತ್ತಿಗೆ ಸೇರುವಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಹಿಂಗಾಲಿನ ಮಂಡಿಯ ಹಿಂಬದಿಯ ಮೆತ್ತನೆಯ ಜಾಗದಲ್ಲಿ ಬೆರಳಾಡಿಸಿ ನೋಡಿ. ಆರೋಗ್ಯವಂತ ನಾಯಿಯಲ್ಲೂ ದವಡೆಯಡಿ, ಭುಜದ ಮುಂದೆ, ಮಂಡಿಯ ಹಿಂದೆ ಸಣ್ಣ ಗ್ರಂಥಿಗಳು ಸಿಗುತ್ತವೆ. ನಾಯಿಯ ಗಾತ್ರಕ್ಕೆ ತಕ್ಕಂತೆ ಕಡಲೆಯಷ್ಟೋ ಅವರೆಯಷ್ಟೋ ಇರುತ್ತವೆ, ಚರ್ಮದಡಿ ಜಾರುತ್ತವೆ. ಕಂಕುಳು ಮತ್ತು ತೊಡೆಸಂದಿಯವು ಸಾಮಾನ್ಯವಾಗಿ ಕೈಗೆ ಸಿಗುವುದೇ ಇಲ್ಲ. ಸಿಕ್ಕಿದರೆ ಗಮನ ಕೊಡಿ. ದವಡೆಯ ಹತ್ತಿರ ಇನ್ನೊಂದು ಗೊಂದಲವಿದೆ. ಅಲ್ಲಿ ಜೊಲ್ಲು ಗ್ರಂಥಿಯೂ ಇರುತ್ತದೆ, ದುಗ್ಧಗ್ರಂಥಿಗಿಂತ ದೊಡ್ಡದಾಗಿ ಅದರ ಹಿಂದೆಯೇ ಇರುತ್ತದೆ. ಅದನ್ನೇ ಗಂಟೆಂದು ಗಾಬರಿಯಾಗಿ ಬರುವವರಿದ್ದಾರೆ. ಚೆನ್ನಾಗಿರುವ ದಿನಗಳಲ್ಲೇ ಮುಟ್ಟಿ ಅಭ್ಯಾಸವಿದ್ದರೆ, ಯಾವುದು ಮೊದಲೇ ಇತ್ತು, ಯಾವುದು ಹೊಸತು ಎಂದು ಬೆರಳಿಗೇ ತಿಳಿಯುತ್ತದೆ.

ಗಂಟು ಸಿಕ್ಕಿದ್ದೆಲ್ಲ ಕ್ಯಾನ್ಸರ್ ಅಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಕೊಳೆತ ಹಲ್ಲಿನಿಂದ ದವಡೆಯಡಿಯ ಗ್ರಂಥಿ ಊದುತ್ತದೆ. ಮಳೆಗಾಲದ ತೇವಕ್ಕೆ ಚರ್ಮ ಕೆಟ್ಟು ಹುಣ್ಣಾದರೆ ಅದರ ಹತ್ತಿರದ ಗ್ರಂಥಿ ಊದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಉಣ್ಣಿ. ಕಂದು ಉಣ್ಣಿ ಕಚ್ಚಿ ಹರಡುವ ಎರ್ಲಿಕಿಯಾ ಎಂಬ ಸೋಂಕಿನಲ್ಲಿ ಜ್ವರ ಬರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಗುಲ್ಮ ಹಿಗ್ಗುತ್ತದೆ, ಮೈಯ ಗ್ರಂಥಿಗಳೆಲ್ಲ ಊದಬಹುದು. ಹೊರಗಿನಿಂದ ನೋಡುವವರಿಗೆ ಅದು ಲಿಂಫೋಮಾದಂತೆಯೇ ಕಾಣುತ್ತದೆ. ಆದರೆ ಈ ಸೋಂಕಿಗೆ ಮದ್ದು ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ. ಗುಣವಾಗುವ ಕಾಯಿಲೆ. ಬರೀ ಕೈಯಿಂದ ಮುಟ್ಟಿ ಇವೆರಡನ್ನು ಬೇರ್ಪಡಿಸಬಲ್ಲ ವೈದ್ಯರು ಯಾರೂ ಇಲ್ಲ. ಕ್ಯಾನ್ಸರ್ ಎಂದು ಹೆದರಿ ಗುಣವಾಗುವ ನಾಯಿಯನ್ನು ಕಳೆದುಕೊಳ್ಳುವುದೂ, ಉಣ್ಣಿಜ್ವರವೆಂದು ಒಂದು ತಿಂಗಳು ಕಾದು ಕ್ಯಾನ್ಸರಿಗೆ ಆ ತಿಂಗಳನ್ನು ಬಿಟ್ಟುಕೊಡುವುದೂ ಎರಡೂ ನಮ್ಮ ಸುತ್ತಮುತ್ತ ಆಗುತ್ತಿರುವ ನಷ್ಟಗಳು.

ಈಗ ಸ್ಟೀರಾಯ್ಡಿನ ವಿಷಯಕ್ಕೆ ಬರುತ್ತೇನೆ. ಪ್ರೆಡ್ನಿಸಲೋನ್, ಡೆಕ್ಸಾಮೆಥಸೋನ್ ಒಳ್ಳೆಯ ಮದ್ದುಗಳು. ಎಷ್ಟೋ ಕಾಯಿಲೆಗಳಲ್ಲಿ ಜೀವ ಉಳಿಸುತ್ತವೆ. ಲಿಂಫೋಮಾದ ಚಿಕಿತ್ಸೆಯಲ್ಲೂ ಪ್ರೆಡ್ನಿಸಲೋನಿಗೆ ಜಾಗವಿದೆ. ತೊಂದರೆ ಇರುವುದು ಏನೆಂದು ತಿಳಿಯುವ ಮೊದಲೇ ಕೊಡುವುದರಲ್ಲಿ. ಸ್ಟೀರಾಯ್ಡ್ ಲಿಂಫೋಸೈಟುಗಳನ್ನು ಬೇಗ ಸಾಯಿಸುತ್ತದೆ. ಹಾಗಾಗಿ ಇಂಜೆಕ್ಷನ್ ಬಿದ್ದ ಕೆಲವೇ ದಿನಗಳಲ್ಲಿ ಗಂಟು ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಬಾಲ ಮತ್ತೆ ಆಡುತ್ತದೆ. ಮನೆಯವರಿಗೆ ಸಂತೋಷ. ಆದರೆ ಸತ್ತದ್ದು ಸುಲಭವಾಗಿ ಸಾಯುವ ಕಣಗಳು ಮಾತ್ರ. ಉಳಿದುಕೊಂಡವು ಮದ್ದನ್ನು ತಮ್ಮ ಪೊರೆಯಿಂದ ಹೊರಗೆ ತಳ್ಳುವುದನ್ನು ಕಲಿತಂಥವು. ಅವು ಬೆಳೆದು ಗಂಟು ಮರಳಿದಾಗ ಸ್ಟೀರಾಯ್ಡಿಗೆ ಮಾತ್ರವಲ್ಲ, ಕೀಮೋಥೆರಪಿಯ ಬೇರೆ ಮದ್ದುಗಳಿಗೂ ಬಗ್ಗುವುದು ಕಡಿಮೆ. ಅಷ್ಟೇ ದೊಡ್ಡ ಇನ್ನೊಂದು ಹಾನಿಯಿದೆ. ಇಳಿದ ಗಂಟಿನಿಂದ ತೆಗೆದ ಸ್ಲೈಡಿನಲ್ಲಿ ಒಡೆದ, ಸತ್ತ ಕಣಗಳೇ ತುಂಬಿರುತ್ತವೆ, ಓದಲು ಬರುವುದಿಲ್ಲ. ಕಾಯಿಲೆ ಎಷ್ಟು ಹರಡಿದೆ ಎಂಬ ಲೆಕ್ಕವೂ ತಪ್ಪುತ್ತದೆ. ಮನುಷ್ಯರ ಲಿಂಫೋಮಾದಲ್ಲೂ ತುರ್ತಿಲ್ಲದಿದ್ದರೆ ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಬೇಡ ಎಂದು ವೈದ್ಯರು ಎಚ್ಚರ ವಹಿಸುವುದು ಇದೇ ಕಾರಣಕ್ಕೆ.

ಪಶುವೈದ್ಯರ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಒಬ್ಬರೇ ಕೂತು ಲಸಿಕೆಯಿಂದ ಹೆರಿಗೆಯವರೆಗೆ ಎಲ್ಲವನ್ನೂ ನೋಡುವ ಕ್ಲಿನಿಕ್ಕುಗಳು ನಮ್ಮವು. ಅಲ್ಲಿ ನಾವು ಹೇಳುವುದೇನು? ‘ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ, ಸಂಜೆ ಊಟ ಮಾಡಿದರೆ ಸಾಕು.’ ಸೂಜಿಪರೀಕ್ಷೆ ಎಂದರೆ, ‘ಚುಚ್ಚುವುದೆಲ್ಲ ಬೇಡ ಮಾರಾಯ್ರೆ, ಪಾಪ.’ ನಾವು ಕೇಳಿದ್ದನ್ನು ಅವರು ಕೊಡುತ್ತಾರೆ. ನಾವೇ ಬಾಯಿಬಿಟ್ಟು, ಮೊದಲು ಗಂಟಿನಿಂದ ಸ್ಯಾಂಪಲ್ ತೆಗೆಯಿರಿ, ಸ್ಟೀರಾಯ್ಡ್ ಆಮೇಲೆ ನೋಡೋಣ ಎಂದರೆ ಹೆಚ್ಚಿನ ವೈದ್ಯರಿಗೆ ಅದು ಸಮಾಧಾನದ ಮಾತೇ ಆಗುತ್ತದೆ.

ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯನ್ನು ನಾನು ಆಸ್ಪತ್ರೆಯಲ್ಲಿ ಕೇಳುತ್ತಲೇ ಬಂದವಳು. ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಕೆಲವು ಕಡೆ ಎಚ್ಚರ ಬೇಕು. ನಾಯಿಯ ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿಗೆ ಹೊಟ್ಟೆಯ ಮೂಲಕ ಸೂಜಿ ಹಾಕಿದರೆ ಸೂಜಿಯ ದಾರಿಯಲ್ಲಿ ಗಡ್ಡೆಯ ಕಣಗಳು ಬೇರೂರಬಹುದು, ಅಲ್ಲಿ ವೈದ್ಯರು ಬೇರೆ ದಾರಿ ಹುಡುಕುತ್ತಾರೆ. ಲಿಂಫೋಮಾದ ಮಾತು ಹಾಗಲ್ಲ. ಲಿಂಫೋಸೈಟ್ ಹುಟ್ಟಿದ್ದೇ ಮೈತುಂಬ ಓಡಾಡಲು. ಈ ಕ್ಯಾನ್ಸರ್ ಸೂಜಿಗಾಗಿ ಕಾದು ಕೂರುವುದಿಲ್ಲ, ಸೂಜಿಯಿಂದ ಅದಕ್ಕೆ ಹೊಸ ದಾರಿಯೂ ತೆರೆಯುವುದಿಲ್ಲ. ಹೆಚ್ಚಿನ ನಾಯಿಗಳು ವೈದ್ಯರ ಮೇಜಿಗೆ ಬರುವಾಗಲೇ ಅದು ಹಲವು ಗ್ರಂಥಿಗಳಲ್ಲಿ ನೆಲೆಸಿರುತ್ತದೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಸೂಜಿ 22ರಿಂದ 25 ಗೇಜಿನದ್ದು, ಅಂದರೆ ರೇಬೀಸ್ ಲಸಿಕೆ ಹಾಕುವಂಥ ಸಣ್ಣ ಸೂಜಿಯೇ. ಅರಿವಳಿಕೆ ಬೇಡ. ನೀವು ಮುಖ ಹಿಡಿದು ಮಾತಾಡಿಸುತ್ತಿದ್ದರೆ ಸಾಕು. ವೈದ್ಯರು ಎಡಗೈಯಲ್ಲಿ ಗ್ರಂಥಿಯನ್ನು ಅಲುಗಾಡದಂತೆ ಹಿಡಿದು, ಸೂಜಿ ತೂರಿಸಿ, ಒಳಗೆ ನಾಲ್ಕಾರು ಸಲ ಹಿಂದೆಮುಂದೆ ಆಡಿಸಿ ತೆಗೆಯುತ್ತಾರೆ. ಕೆಲವರು ಸಿರಿಂಜಿನಿಂದ ಎಳೆಯುತ್ತಾರೆ, ಕೆಲವರು ಎಳೆಯದೆ ಬರೀ ಸೂಜಿಯಿಂದಲೇ ತೆಗೆಯುತ್ತಾರೆ. ಗ್ರಂಥಿಯ ಕಣಗಳು ಬಹಳ ನಾಜೂಕಾದ್ದರಿಂದ ಎಳೆಯದೆ ತೆಗೆದ ಸ್ಯಾಂಪಲ್ಲಿನಲ್ಲಿ ರಕ್ತ ಬೆರೆಯುವುದೂ ಕಣ ಒಡೆಯುವುದೂ ಕಡಿಮೆ. ಸಿರಿಂಜಿನಲ್ಲಿ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಏನೂ ಬರಲೇ ಇಲ್ಲ ಎಂದು ಬೇಸರಪಡಬೇಡಿ. ಬೇಕಾದದ್ದು ಸೂಜಿಯ ಕೊಳವೆಯೊಳಗಿದೆ. ಸಿರಿಂಜಿನಲ್ಲಿ ಗಾಳಿ ತುಂಬಿ ಅದನ್ನು ಗಾಜಿನ ಮೇಲೆ ಊದಿ, ಇನ್ನೊಂದು ಗಾಜನ್ನು ಮೇಲಿಟ್ಟು, ಒತ್ತದೆ ಜಾರಿಸಬೇಕು. ಒತ್ತಿದರೆ ಕಣಗಳ ನ್ಯೂಕ್ಲಿಯಸ್ ಹರಿದು ಎಳೆಎಳೆಯಾಗುತ್ತದೆ, ಆ ಸ್ಲೈಡ್ ಹೋಯಿತೆಂದೇ ಲೆಕ್ಕ.

ಎಲ್ಲಿಂದ ತೆಗೆಯಬೇಕು ಎಂಬುದೂ ಮುಖ್ಯ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ದವಡೆಯ ಗಂಟು, ಆದರೆ ಹಲ್ಲು–ಒಸಡಿನ ಕೊಳೆಗೆಲ್ಲ ಆ ಗ್ರಂಥಿ ಸದಾ ಪ್ರತಿಕ್ರಿಯಿಸುತ್ತಿರುವುದರಿಂದ ಅದು ಒಳ್ಳೆಯ ಸಾಕ್ಷಿಯಲ್ಲ. ಭುಜದ ಮುಂದಿನದ್ದು ಅಥವಾ ಮಂಡಿಯ ಹಿಂದಿನದ್ದು ಮೇಲು. ತೀರಾ ದೊಡ್ಡ ಗಂಟಿನ ನಡುಭಾಗ ಸತ್ತುಹೋಗಿರಬಹುದಾದ್ದರಿಂದ ಅಂಚಿನಿಂದ ತೆಗೆಯುವುದು ಒಳ್ಳೆಯದು. ಕನಿಷ್ಠ ಎರಡು ಗ್ರಂಥಿಗಳಿಂದ, ನಾಲ್ಕಾರು ಸ್ಲೈಡ್ ಮಾಡಿಸಿ. ಒಂದೇ ಸ್ಲೈಡ್ ಕಳಿಸಿ ಓದಿ ಎನ್ನುವುದು ಓದುವವರಿಗೆ ಅನ್ಯಾಯ.

ಇನ್ನು ಒಣಗಿಸುವುದು. ಇದು ನನ್ನ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಈ ಸ್ಲೈಡ್‌ಗಳನ್ನು ಗಾಳಿಯಲ್ಲಿ ಬೇಗ ಒಣಗಿಸಬೇಕು. ನಿಧಾನವಾಗಿ ಒಣಗಿದರೆ ಕಣಗಳು ಮುದುಡಿ, ದೊಡ್ಡದು ಸಣ್ಣದಾಗಿ ಕಾಣುತ್ತದೆ. ಲಿಂಫೋಮಾದಲ್ಲಿ ಗಾತ್ರವೇ ಮುಖ್ಯ ಸಾಕ್ಷಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು, ಗಾಜಿನ ಮೇಲಿನ ತೇವ ತಾನಾಗಿ ಹೋಗುವುದೆಂದು ಕಾಯುವಂತಿಲ್ಲ. ಫ್ಯಾನಿನಡಿ ಹಿಡಿಯಿರಿ, ಇಲ್ಲವೇ ಕೂದಲು ಒಣಗಿಸುವ ಡ್ರೈಯರನ್ನು ತಣ್ಣನೆಯ ಗಾಳಿಗೆ ಇಟ್ಟು ಗಾಜಿನ ಹಿಂಬದಿಯಿಂದ ಬಿಡಿ. ಒಣಗಿದ್ದನ್ನು ಫ್ರಿಜ್ಜಿನಲ್ಲಿಡಬೇಡಿ, ಹೊರತೆಗೆದಾಗ ನೀರು ಕೂತು ಕಣಗಳು ಹಾಳಾಗುತ್ತವೆ. ನಾಯಿಯ ಹೆಸರು, ಯಾವ ಗ್ರಂಥಿ ಎಂಬುದನ್ನು ಗಾಜಿನ ಒರಟು ತುದಿಯಲ್ಲಿ ಪೆನ್ಸಿಲಿನಿಂದಲೇ ಬರೆಯಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಬಯಾಪ್ಸಿ ತುಣುಕಿಡುವ ಫಾರ್ಮಲಿನ್ ಬಾಟಲಿಯ ಜೊತೆ ಒಂದೇ ಪೊಟ್ಟಣದಲ್ಲಿ ಎಂದೆಂದಿಗೂ ಕಟ್ಟಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಆವಿ ತಗಲಿದ ಸ್ಲೈಡಿಗೆ ಬಣ್ಣ ಹಿಡಿಯುವುದಿಲ್ಲ. ದೂರದಿಂದ ಜೋಪಾನವಾಗಿ ಕಳಿಸಿದ ಸ್ಲೈಡ್‌ಗಳು ಈ ಒಂದೇ ಕಾರಣಕ್ಕೆ ಕೆಟ್ಟದ್ದನ್ನು ನೋಡಿ ನನಗೆ ಸಂಕಟವಾಗಿದೆ. ಅಂಥ ನಾಯಿಗೆ ಮತ್ತೆ ಸೂಜಿ ಹಾಕಬೇಕು.

ಬಣ್ಣ ಯಾವುದು? ನಮ್ಮ ಊರಿಗೆ ಚೆನ್ನಾಗಿ ಪರಿಚಯವಿರುವ ಬಣ್ಣವೇ. ಮಲೇರಿಯಾ ಕಾಟದಿಂದ ಮಂಗಳೂರಿನವರು ಬೆರಳು ಚುಚ್ಚಿಸಿಕೊಂಡದ್ದೆಷ್ಟು! ಆ ರಕ್ತದ ಸ್ಲೈಡಿಗೆ ಹಾಕುವ ಲೀಶ್‌ಮನ್, ಜೀಮ್ಸಾ ಬಣ್ಣಗಳೇ ಇಲ್ಲಿಗೂ ಸಾಕು. ರಷ್ಯದ ರೊಮನೋವ್‌ಸ್ಕಿ 1891ರಲ್ಲಿ ತೋರಿಸಿಕೊಟ್ಟ ಮೂಲ ವಿಧಾನವನ್ನು ಲೀಶ್‌ಮನ್ 1901ರಲ್ಲಿ, ಜೀಮ್ಸಾ 1904ರಲ್ಲಿ ತಿದ್ದಿ ಸುಲಭಗೊಳಿಸಿದರು. ಅದೇ 1904ರಲ್ಲಿ ಗ್ರೇಗ್ ಮತ್ತು ಗ್ರೇ ಎಂಬಿಬ್ಬರು ವೈದ್ಯರು ಆಫ್ರಿಕದ ನಿದ್ರಾರೋಗದ ರೋಗಿಗಳ ಊದಿದ ಗ್ರಂಥಿಗೆ ಸೂಜಿ ಹಾಕಿ, ಬಂದ ರಸದಲ್ಲಿ ರೋಗಾಣುವನ್ನು ಕಂಡಿದ್ದರು. ಇಷ್ಟು ಹಳೆಯ, ಇಷ್ಟು ಸರಳವಾದ ಕೆಲಸ ಇದು. 1955ರಿಂದ ಕಸ್ತೂರ್‌ಬಾ ಮೆಡಿಕಲ್ ಕಾಲೇಜು, ಅದಕ್ಕೂ ಬಹಳ ಹಿಂದೆ 1880ರಿಂದ ಫಾದರ್ ಮುಲ್ಲರ್ ಆಸ್ಪತ್ರೆ ಇರುವ ಈ ನಗರದಲ್ಲಿ, ಗಂಟಿಗೆ ಸೂಜಿ ಹಾಕಿ ನೋಡುವುದು ಮನುಷ್ಯರಿಗೆ ದಿನನಿತ್ಯದ ಪರೀಕ್ಷೆ. ನಾಯಿಗೆ ಮಾತ್ರ ಯಾಕೆ ಅಪರೂಪವಾಗಬೇಕು ಎಂಬುದು ನನಗೆ ಅರ್ಥವಾಗದ ವಿಷಯ.

ಸೂಕ್ಷ್ಮದರ್ಶಕದಡಿ ಏನು ಕಾಣುತ್ತದೆ ಎಂದು ಕೇಳುವವರಿದ್ದಾರೆ. ಆರೋಗ್ಯದ ಗ್ರಂಥಿಯ ಸ್ಲೈಡ್ ನೋಡಿದರೆ ರಥಸಪ್ತಮಿಯ ಕೊಡಿಯಾಲ್ ತೇರಿಗೆ ಸೇರಿದ ಜನರ ಹಾಗೆ ಎಲ್ಲ ಪ್ರಾಯದವರೂ ಇರುತ್ತಾರೆ: ಬಹುಪಾಲು ಸಣ್ಣ, ಬೆಳೆದ ಲಿಂಫೋಸೈಟುಗಳು, ನಡುನಡುವೆ ಮಧ್ಯಮ ಗಾತ್ರದವು, ಕೆಲವೇ ದೊಡ್ಡವು, ಅಲ್ಲಲ್ಲಿ ಪ್ಲಾಸ್ಮಾ ಕಣಗಳು. ಸೋಂಕಿಗೆ ಪ್ರತಿಕ್ರಿಯಿಸುತ್ತಿರುವ ಗ್ರಂಥಿಯಲ್ಲೂ ಈ ಮಿಶ್ರಣ ಉಳಿಯುತ್ತದೆ, ಪ್ಲಾಸ್ಮಾ ಕಣ ಮತ್ತು ಮಧ್ಯಮದವು ಹೆಚ್ಚಿರುತ್ತವೆ. ಉಣ್ಣಿಜ್ವರದ ಗ್ರಂಥಿ ಹೆಚ್ಚಾಗಿ ಹೀಗೆ ಕಾಣುತ್ತದೆ. ಕೀವಿನ ಸೋಂಕಾದರೆ ನ್ಯೂಟ್ರೋಫಿಲ್ ಕಣಗಳು ತುಂಬಿರುತ್ತವೆ. ಸಾಮಾನ್ಯವಾಗಿ ಸಿಗುವ ಲಿಂಫೋಮಾದಲ್ಲಿ ಈ ಮಿಶ್ರಣವೇ ಇರುವುದಿಲ್ಲ. ಎತ್ತ ನೋಡಿದರೂ ಒಂದೇ ಬಗೆಯ ದೊಡ್ಡ, ಎಳೆಯ ಕಣ. ಅಳತೆಗೆ ಸ್ಲೈಡಿನಲ್ಲೇ ಇರುವ ಕೆಂಪು ರಕ್ತಕಣವಿದೆ. ನಾಯಿಯಲ್ಲಿ ಅದು ಸುಮಾರು 7 ಮೈಕ್ರೋಮೀಟರ್. ನ್ಯೂಕ್ಲಿಯಸ್ಸು ಅಂಥ ಎರಡು ಕೆಂಪುಕಣಗಳ ಅಗಲವನ್ನು ಮೀರಿದ ಲಿಂಫೋಸೈಟುಗಳು ಒಟ್ಟು ಕಣಗಳ ಅರ್ಧಕ್ಕಿಂತ ಹೆಚ್ಚಿದ್ದರೆ, ಅನುಭವಿ ಪಶು ರೋಗಶಾಸ್ತ್ರಜ್ಞರು ಸಾಮಾನ್ಯವಾಗಿ ಆ ಸ್ಲೈಡಿನ ಮೇಲೆಯೇ ಲಿಂಫೋಮಾ ಎಂದು ಬರೆಯುತ್ತಾರೆ.

ಸೂಜಿಗೆ ತಿಳಿಯದ್ದೂ ಇದೆ. ಸಣ್ಣ ಕಣಗಳ ಲಿಂಫೋಮಾಗಳಿವೆ, ನೋಡಲು ಆರೋಗ್ಯದ ಕಣಗಳ ಹಾಗೆಯೇ ಇರುತ್ತವೆ. ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚಾಗಿ ಕಾಣುವ ಟಿ-ಝೋನ್ ಎಂಬ ಬಗೆ ಅಂಥದ್ದು. ಬಹಳ ನಿಧಾನ, ನಾಯಿ ಚೆನ್ನಾಗಿಯೇ ಇರುತ್ತದೆ, ಗಂಟು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಸೂಜಿಯಲ್ಲಿ ಬರುವುದು ಬಿಡಿಬಿಡಿ ಕಣಗಳು, ಗ್ರಂಥಿಯ ಕಟ್ಟಡ ಅಲ್ಲಿ ಕಾಣುವುದಿಲ್ಲ. ಅಂಥಲ್ಲಿ ಅನುಮಾನವಿದೆ, ಬಯಾಪ್ಸಿ ಬೇಕು ಎಂದು ವರದಿ ಬಂದರೆ ಅದು ಪರೀಕ್ಷೆಯ ಸೋಲಲ್ಲ, ಓದಿದವರ ಪ್ರಾಮಾಣಿಕತೆ. ಆಗ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ನೋಡುತ್ತಾರೆ. ಕಣ ಬಿ ಗುಂಪಿನದೋ ಟಿ ಗುಂಪಿನದೋ ಎಂದು ತಿಳಿಯಲು ಸಿಡಿ3, ಸಿಡಿ20, ಪ್ಯಾಕ್ಸ್5 ಎಂಬ ಗುರುತುಗಳಿಗೆ ಪ್ರತ್ಯೇಕ ಬಣ್ಣ ಹಾಕುತ್ತಾರೆ. ನಾಯಿಗಳಲ್ಲಿ ಅತಿ ಸಾಮಾನ್ಯವಾದದ್ದು ದೊಡ್ಡ ಕಣಗಳ ಬಿ ಗುಂಪಿನ ಲಿಂಫೋಮಾ. ವೇಗದ ಟಿ ಗುಂಪಿನದು ಚಿಕಿತ್ಸೆಗೆ ಅದಕ್ಕಿಂತ ಕಷ್ಟದ್ದು. ಕಣಗಳೆಲ್ಲ ಒಂದೇ ಮೂಲದಿಂದ ಬಂದವೇ ಎಂದು ಡಿಎನ್‌ಎಯಿಂದ ನೋಡುವ ಪಾರ್ ಎಂಬ ಪರೀಕ್ಷೆಯನ್ನು ಬಣ್ಣ ಹಾಕಿದ ಹಳೆಯ ಸ್ಲೈಡಿನಿಂದಲೂ ಮಾಡಬಹುದು, ಆದ್ದರಿಂದ ಸ್ಲೈಡ್‌ಗಳನ್ನು ಎಸೆಯಬೇಡಿ. ಆದರೆ ಎರ್ಲಿಕಿಯಾ ಸೋಂಕು ಕೆಲವೊಮ್ಮೆ ಈ ಪರೀಕ್ಷೆಯನ್ನೂ ದಾರಿ ತಪ್ಪಿಸುತ್ತದೆ. ನಮ್ಮ ಕಡೆಯ ಯಾವ ನಾಯಿಗೂ ಉಣ್ಣಿಜ್ವರದ ರಕ್ತಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದೆಂದು ನಾನು ಹೇಳುವುದು ಅದಕ್ಕೆ.

ಲಿಂಫೋಮಾ ಹೌದೆಂದಾದ ಮೇಲೆ ಎಷ್ಟು ಹರಡಿದೆ ಎಂಬ ಅಂದಾಜು. ಒಂದೇ ಗ್ರಂಥಿಯಾದರೆ ಮೊದಲ ಹಂತ, ಮೈಯ ಒಂದು ಭಾಗದ ಕೆಲವು ಗ್ರಂಥಿಗಳಾದರೆ ಎರಡನೆಯದು, ಎಲ್ಲೆಡೆಯವಾದರೆ ಮೂರನೆಯದು, ಯಕೃತ್ತು ಅಥವಾ ಗುಲ್ಮ ಸೇರಿದರೆ ನಾಲ್ಕನೆಯದು, ರಕ್ತ, ಅಸ್ಥಿಮಜ್ಜೆ ಅಥವಾ ಬೇರೆ ಅಂಗ ಸೇರಿದರೆ ಐದನೆಯದು. ನಾಯಿ ಲವಲವಿಕೆಯಿಂದಿದ್ದರೆ ‘ಎ’, ಸೊರಗಿದ್ದರೆ ‘ಬಿ’ ಎಂದು ಪಕ್ಕದಲ್ಲಿ ಬರೆಯುತ್ತಾರೆ. ನಾಯಿಯ ಮುಂದಿನ ದಿನಗಳ ಬಗ್ಗೆ ಆ ಒಂದಕ್ಷರ ಬಹಳಷ್ಟು ಹೇಳುತ್ತದೆ. ಯಕೃತ್ತು, ಗುಲ್ಮಗಳಿಂದಲೂ ಅಲ್ಟ್ರಾಸೌಂಡ್ ನೋಡಿಕೊಂಡು ಇದೇ ಸೂಜಿಯಿಂದ ಕಣ ತೆಗೆಯಬಹುದು. ಚಿತ್ರದಲ್ಲಿ ಸರಿಯಾಗಿ ಕಂಡ ಗುಲ್ಮದಲ್ಲೂ ಕಾಯಿಲೆ ಇರುವುದುಂಟು. ರಕ್ತದ ಕ್ಯಾಲ್ಸಿಯಂ ಮಾತ್ರ ತಪ್ಪದೆ ನೋಡಿಸಿ. ಮುಖ್ಯವಾಗಿ ಟಿ ಗುಂಪಿನ ಲಿಂಫೋಮಾದಲ್ಲಿ ಅದು ಏರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನಾಯಿ ಇದ್ದಕ್ಕಿದ್ದಂತೆ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿದು, ಮನೆಯೊಳಗೇ ಉಚ್ಚೆ ಹೊಯ್ಯತೊಡಗಿದರೆ ಅದೂ ಒಂದು ಸುಳಿವು. ಉಳಿದ ಪರೀಕ್ಷೆಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಪಟ್ಟಿಯಲ್ಲಿರುವುದನ್ನೆಲ್ಲ ಮಾಡಿಸಲು ಸಾಲ ಮಾಡಬೇಡಿ. ಈ ಪರೀಕ್ಷೆಯ ಉತ್ತರ ಬಂದರೆ ನಮ್ಮ ತೀರ್ಮಾನ ಬದಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಇಲ್ಲವೆಂದರೆ ಆ ಹಣ ಮದ್ದಿಗಿರಲಿ.

ಮದ್ದಿನ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಏನೂ ಮಾಡದಿದ್ದರೆ ಹೆಚ್ಚಿನ ನಾಯಿಗಳಿಗೆ ಉಳಿದಿರುವುದು ನಾಲ್ಕರಿಂದ ಆರು ವಾರ. ಬರೀ ಪ್ರೆಡ್ನಿಸಲೋನ್ ಕೊಟ್ಟರೆ ಒಂದೆರಡು ತಿಂಗಳು. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ಪ್ರೆಡ್ನಿಸಲೋನ್ ಸೇರಿದ ಸುಮಾರು ಐದಾರು ತಿಂಗಳ ಕೀಮೋಥೆರಪಿಗೆ 100ರಲ್ಲಿ 80ರಿಂದ 90 ನಾಯಿಗಳ ಗಂಟು ಇಳಿದು ಅವು ಚೇತರಿಸಿಕೊಳ್ಳುತ್ತವೆ, ಸಾಮಾನ್ಯವಾಗಿ ವರ್ಷದ ಆಸುಪಾಸು ಬದುಕುತ್ತವೆ. ಐದರಲ್ಲಿ ಒಂದರಷ್ಟು ಎರಡು ವರ್ಷ ದಾಟುತ್ತವೆ. ಪೂರ್ತಿ ಗುಣವಾಗುವುದು ಅಪರೂಪ. ಆದರೆ ನಾಯಿಯ ಪಾಲಿಗೆ ಒಂದು ವರ್ಷ ಸಣ್ಣದಲ್ಲ, ಮತ್ತು ನಾಯಿಗಳಿಗೆ ಕೀಮೋಥೆರಪಿ ಕೊಡುವುದೇ ಅವು ನರಳದಂತೆ ನೋಡಿಕೊಂಡು. ಹೆಚ್ಚಿನ ತಳಿಗಳಲ್ಲಿ ರೋಮವೂ ಉದುರುವುದಿಲ್ಲ. ಮದ್ದು ಕೊಟ್ಟ ಬಳಿಕ ಕೆಲವು ದಿನ ಅದರ ಉಚ್ಚೆ, ಮಲ ತೆಗೆಯುವಾಗ ಕೈಗವಸು ಹಾಕಿಕೊಳ್ಳಿ, ಗರ್ಭಿಣಿಯರು ಮತ್ತು ಮಕ್ಕಳು ಆ ಕೆಲಸಕ್ಕೆ ಬೇಡ.

ವಿನ್‌ಕ್ರಿಸ್ಟಿನ್ ಎಂದರೆ ಎಲ್ಲೋ ದೂರದ ಮದ್ದಲ್ಲ. ನಮ್ಮ ಅಂಗಳದಂಚಿನಲ್ಲಿ ತಾನಾಗಿ ಹುಟ್ಟಿ ಅರಳುವ ನಿತ್ಯಪುಷ್ಪದಿಂದ ಬಂದದ್ದು, ಮನುಷ್ಯರ ಚಿಕಿತ್ಸೆಗೆ ಅಮೆರಿಕದಲ್ಲಿ 1963ರಲ್ಲಿ ಒಪ್ಪಿಗೆ ಪಡೆಯಿತು. ಹಾಗೆಂದು ಗಿಡದ ಸೊಪ್ಪು ಅರೆದು ಕುಡಿಸಬೇಡಿ, ಅದು ವಿಷ. ಬೀದಿ ನಾಯಿಗಳಿಗೆ ಅನ್ನ ಹಾಕುವವರಲ್ಲಿ ಕೆಲವರಿಗೆ ಈ ಹೆಸರು ಗೊತ್ತಿರಬೇಕು. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ತೊಟ್ಟಿಕ್ಕುವ, ನಾಯಿಯಿಂದ ನಾಯಿಗೆ ಅಂಟುವ ಗಡ್ಡೆಗೆ ವಾರಕ್ಕೊಮ್ಮೆ ಕೊಡುವುದು ಇದನ್ನೇ. ಹೆಚ್ಚಿನವು ಕೆಲವು ವಾರಗಳಲ್ಲಿ ಗುಣವಾಗುತ್ತವೆ. ಆ ಗಡ್ಡೆಯನ್ನು ಗುರುತಿಸುವುದೂ ಸೂಜಿ ಹಾಕಿ ಅಥವಾ ಗಾಜಿಗೆ ಒತ್ತಿ ತೆಗೆದ ಸ್ಲೈಡಿನಿಂದಲೇ. ಅಂದರೆ ಸೂಜಿ, ಬಣ್ಣ, ಮದ್ದು ಮೂರೂ ನಮ್ಮ ವೈದ್ಯರ ಕೈಗೆ ಹೊಸತಲ್ಲ. ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ಗೋ ಇನ್ನೆಲ್ಲಿಗೋ ಬೀದಿ ನಾಯಿಯನ್ನು ಒಯ್ಯುವವರು ಗಂಟು ಕಂಡರೆ ಮೊದಲು ಸೂಜಿ ಎಂಬ ಈ ಬೇಡಿಕೆಯನ್ನು ಅಲ್ಲೂ ಇಡಿ.

ಕೀಮೋಥೆರಪಿ ನಮ್ಮಿಂದಾಗದು ಎಂದು ತೀರ್ಮಾನಿಸುವ ಮನೆಗಳಿವೆ. ಅವರನ್ನು ಯಾರೂ ದೂರಬಾರದು. ಆಗ ಪ್ರೆಡ್ನಿಸಲೋನ್ ಕೊಟ್ಟು ನೆಮ್ಮದಿಯಿಂದ ಇಟ್ಟುಕೊಳ್ಳುವುದು ಒಳ್ಳೆಯ ತೀರ್ಮಾನವೇ, ಏಕೆಂದರೆ ಅದು ತಿಳಿದು ಮಾಡಿದ್ದು. ಎಷ್ಟು ದಿನ ಎಂಬ ಅಂದಾಜು ಸಿಕ್ಕಿದರೆ ಪರವೂರಿನಲ್ಲಿರುವ ಮಕ್ಕಳು ಒಮ್ಮೆ ಬಂದು ನೋಡಿಕೊಂಡು ಹೋಗಬಹುದು. ನರಳಿಕೆ ಶುರುವಾದಾಗ ನಿದ್ದೆಯ ಇಂಜೆಕ್ಷನ್ನಿನ ಮಾತನ್ನು ವೈದ್ಯರೊಂದಿಗೆ ಗಾಬರಿಯಿಲ್ಲದೆ ಆಡಬಹುದು.

ಕೊನೆಯದಾಗಿ, ಓದಿಸುವುದು ಎಲ್ಲಿ? ಬಣ್ಣ ಹಾಕುವುದು ನನಗೆ ಗೊತ್ತು, ಈ ಓಣಿಗಳಲ್ಲೇ ನನ್ನಂಥ ನಿವೃತ್ತ ತಂತ್ರಜ್ಞರು ಇನ್ನೂ ಕೆಲವರಿದ್ದಾರೆ, ಕೇಳಿದರೆ ಕೈಜೋಡಿಸುತ್ತಾರೆ. ಆದರೆ ವರದಿಗೆ ಸಹಿ ಹಾಕಬೇಕಾದವರು ಪಶು ರೋಗಶಾಸ್ತ್ರ ಕಲಿತವರೇ. ನಾಯಿಯ ಕಣಗಳಿಗೆ ಅವುಗಳದ್ದೇ ಲಕ್ಷಣಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ, ಘಟ್ಟ ಹತ್ತಿದರೆ ಶಿವಮೊಗ್ಗದಲ್ಲೂ ಹಾಸನದಲ್ಲೂ ಇವೆ. ಎಲ್ಲದರಲ್ಲೂ ರೋಗಶಾಸ್ತ್ರ ವಿಭಾಗವಿದೆ. ಸೊರಗಿದ ನಾಯಿಯನ್ನು ಘಟ್ಟ ಹತ್ತಿಸುವುದು ಬೇಡ. ಒಣಗಿದ ಸ್ಲೈಡ್‌ಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹೋದರೆ ಸಾಕು. ಕಳಿಸುವ ಮೊದಲು ನಿಮ್ಮ ವೈದ್ಯರಿಂದಲೇ ಫೋನ್ ಮಾಡಿಸಿ, ಬಣ್ಣ ಹಾಕಿ ಕಳಿಸಬೇಕೋ ಹಾಗೆಯೇ ಕಳಿಸಬೇಕೋ ಎಂದು ಕೇಳಿಕೊಳ್ಳಿ. ಎರಡೂ ಬಗೆಯವನ್ನು ಇಡುವುದು ಇನ್ನೂ ಒಳ್ಳೆಯದು.

ಜೊತೆಗಿಡುವ ಚೀಟಿಯನ್ನು ಪೂರ್ತಿ ಬರೆಯಿರಿ. ನಾಯಿಯ ಪ್ರಾಯ, ತಳಿ, ಗಂಟು ಕಂಡು ಎಷ್ಟು ದಿನವಾಯಿತು, ಯಾವ ಯಾವ ಗ್ರಂಥಿ ಊದಿದೆ, ಸೂಜಿ ಹಾಕಿದ್ದು ಯಾವುದಕ್ಕೆ, ಜ್ವರವಿದೆಯೇ, ಉಣ್ಣಿ ಇತ್ತೇ, ರಕ್ತಪರೀಕ್ಷೆಯಲ್ಲಿ ಏನು ಬಂತು, ಹಲ್ಲು–ಚರ್ಮ ಹೇಗಿವೆ ಎಂದೆಲ್ಲ ಬರೆಯಿರಿ. ಸ್ಟೀರಾಯ್ಡ್ ಆಗಲೇ ಕೊಟ್ಟಿದ್ದರೆ ಯಾವುದು, ಎಷ್ಟು, ಯಾವ ತಾರೀಕಿಗೆ ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಬರೆಯಿರಿ. ಓದುವವರು ಸ್ಲೈಡಿಗೆ ಕಣ್ಣಿಡುವ ಮೊದಲು ಹುಡುಕುವುದು ಆ ಸಾಲನ್ನೇ.

ನಿಮ್ಮ ನೆರೆಯವಳು,
ಮಣ್ಣಗುಡ್ಡ, ಮಂಗಳೂರು